ನಿನಗೆ ಜಲಜನಕ ಕಂಡಿತಾ?

ಹೋದ ತಿಂಗಳು ಮಗಳ ಕೆಮಿಸ್ಟ್ರಿ ನೋಟ್‌ಬುಕ್ಕಿನಲ್ಲಿ ಕೆಂಪು ಗೆರೆ ಬಿತ್ತು. ಬಿದ್ದಿದ್ದು ಅವಳ ಪುಟದಲ್ಲಾದರೂ ತಪ್ಪು ನನ್ನದು.

ನಾವಿರುವುದು ಜರ್ಮನಿಯಲ್ಲಿ, ಸ್ಟುಟ್‌ಗಾರ್ಟ್ ಹತ್ತಿರದ ಒಂದು ಸಣ್ಣ ಊರಲ್ಲಿ. ಮಗಳು ಎಂಟನೇ ಕ್ಲಾಸು. ಆವತ್ತು ಶಾಲೆಯಲ್ಲಿ ಪ್ರನಾಳಕ್ಕೆ ಸತುವಿನ ಚೂರು ಹಾಕಿ, ಮೇಲೆ ನೀರು ಬೆರೆಸಿದ ಹೈಡ್ರೋಕ್ಲೋರಿಕ್ ಆಮ್ಲ ಸುರಿದಿದ್ದರಂತೆ. ರಾತ್ರಿ ಅದನ್ನೇ ಬರೆಯುತ್ತಾ ಕೂತಿದ್ದಳು. ‘ಏನು ಕಂಡಿತು’ ಅನ್ನುವ ಕಡೆ ಬಂದು ಪೆನ್ನು ಕಚ್ಚತೊಡಗಿದಳು. ನಾನು ಸುಮ್ನಿರಬೇಕಿತ್ತು. “ಅದರಲ್ಲೇನಿದೆ, ಜಲಜನಕ ಬಿಡುಗಡೆ ಆಯ್ತು ಅಂತ ಬರಿ” ಅಂದೆ. ಬರೆದಳು.

ನೋಟ್‌ಬುಕ್ ವಾಪಸ್ ಬಂದಾಗ ಆ ಸಾಲಿನ ಪಕ್ಕ ಟೀಚರ್ ಕೇಳಿದ್ದರು: ‘ನಿನಗೆ ಜಲಜನಕ ಕಂಡಿತಾ?’

ಕಂಡಿರಲಿಲ್ಲ. ಜಲಜನಕಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಅವಳಿಗೆ ಕಂಡಿದ್ದು ಗುಳ್ಳೆ. ಸತು ಸವೆದದ್ದು. ಪ್ರನಾಳ ಕೈಗೆ ಬೆಚ್ಚಗಾದದ್ದು. ಬಾಯಿಗೆ ಉರಿವ ಕಡ್ಡಿ ಹಿಡಿದಾಗ ‘ಟಪ್’ ಅಂದದ್ದು. ಜಲಜನಕ ಅನ್ನುವುದು ಇಷ್ಟನ್ನೂ ನೋಡಿದ ಮೇಲೆ ತಲೆ ಓಡಿಸಿ ಹೇಳುವ ಮಾತು. ಅದಕ್ಕೆ ಕೆಳಗೆ ಬೇರೆ ಜಾಗವಿದೆ. ಮೇಲಿನದಕ್ಕೆ ಇವರು ಬೆಓಬಾಖ್ಟುಂಗ್ ಅಂತಾರೆ, ಕೆಳಗಿನದಕ್ಕೆ ಡಾಯ್ಟುಂಗ್. ಒಂದರದ್ದು ಇನ್ನೊಂದಕ್ಕೆ ಹೋದರೆ ಮಾರ್ಕ್ಸ್ ಹೋಯಿತು.

“ಅಪ್ಪಾ, ನೀನು ಹೆಲ್ಪ್ ಮಾಡಬೇಡ” ಅಂದಳು. ಊರ ಶಾಲೆಯಲ್ಲಿ ವಿಜ್ಞಾನದಲ್ಲಿ ಮೊದಲು ಬರುತ್ತಿದ್ದ ನನಗೆ!

ಆ ರಾತ್ರಿ ನಿದ್ದೆ ಬರದೆ ಹೊರಳಾಡಿದೆ. ಸಿಟ್ಟು ಬಂದಿದ್ದು ಟೀಚರ್ ಮೇಲಲ್ಲ.

ನಾನು ಓದಿದ್ದು ಕುಷ್ಟಗಿ ತಾಲೂಕಿನ ಒಂದು ಹಳ್ಳಿಯಲ್ಲಿ. 1994ರಲ್ಲಿ ಎಸ್ಸೆಸ್ಸೆಲ್ಸಿ ಬರೆದಾಗ ನಮ್ದಿನ್ನೂ ರಾಯಚೂರು ಜಿಲ್ಲೆ. ಕೊಪ್ಪಳ ಬೇರೆ ಜಿಲ್ಲೆಯಾಗಿದ್ದು 1997ರಲ್ಲಿ. ನಮ್ಮ ಪ್ರಯೋಗಾಲಯ ಅಂದರೆ ಹೆಡ್‌ಮಾಸ್ತರ ರೂಮಿನ ಒಂದು ಅಲ್ಮೇರಾ. ಗಾಜಿನ ಬಾಗಿಲು, ದೊಡ್ಡ ಬೀಗ. ಮೇಲಿನ ಅಂಕಣದಲ್ಲಿ ಮೈಲುತುತ್ತದ, ಅಂದರೆ ತಾಮ್ರದ ಸಲ್ಫೇಟಿನ ಬಾಟಲಿ. ನೀಲಿ ಅಂದರೆ ಎಂಥಾ ನೀಲಿ ಅಂತೀರಿ! ಹಾಜರಿ ಪುಸ್ತಕ ತರಲು ಕಳಿಸಿದಾಗಲೆಲ್ಲ ಗಾಜಿಗೆ ಮೂಗು ಹಚ್ಚಿ ನೋಡುತ್ತಿದ್ದೆ. ಮೂರು ವರ್ಷದಲ್ಲಿ ಆ ಬಾಟಲಿ ಹೊರಗೆ ಬಂದದ್ದು ಒಮ್ಮೆ, ಇನ್‌ಸ್ಪೆಕ್ಷನ್ ದಿನ, ಧೂಳು ಒರೆಸೋಕೆ.

ಹಾಗಂತ ನಮಗೆ ‘ವೀಕ್ಷಣೆ’, ‘ನಿರ್ಣಯ’ ಇರಲಿಲ್ಲ ಅಂತಲ್ಲ. ರೆಕಾರ್ಡ್ ಬುಕ್ಕಿನಲ್ಲಿ ಸ್ಕೇಲಿಟ್ಟು ಗೆರೆ ಎಳೆದು ಎರಡನ್ನೂ ಬರೆಯುತ್ತಿದ್ದೆವು. ಹಿಂದಿನ ವರ್ಷದ ಹುಡುಗರ ರೆಕಾರ್ಡ್ ನೋಡಿಕೊಂಡು. ‘ಕಬ್ಬಿಣದ ಮೊಳೆಯು ಕೆಂಪು ಮಿಶ್ರಿತ ಕಂದು ಬಣ್ಣಕ್ಕೆ ತಿರುಗಿತು. ನೀಲಿ ದ್ರಾವಣವು ತಿಳಿ ಹಸಿರಾಯಿತು.’ ಈಗಲೂ ನಿದ್ದೆಗಣ್ಣಲ್ಲಿ ಹೇಳಬಲ್ಲೆ. ಮೊಳೆ ನೋಡಿರಲಿಲ್ಲ, ಹಸಿರು ನೋಡಿರಲಿಲ್ಲ. ಸರ್ ಸಹಿ ಮಾತ್ರ ನೋಡಿದ್ದೆ.

ಆ ಮೊಳೆಯ ಬಣ್ಣ ನಾನು ಮೊದಲ ಸಲ ಕಂಡದ್ದು ಮೂವತ್ತು ದಾಟಿದ ಮೇಲೆ, ಅದೂ ಕಾಕಾನ ದಾಳಿಂಬೆ ತೋಟದಲ್ಲಿ. ರಜೆಗೆ ಹೋಗಿದ್ದೆ. ದಾಳಿಂಬೆಗೆ ಅಂಗಮಾರಿ ಬಿದ್ದಿತ್ತು, ಬೋರ್ಡೋ ದ್ರಾವಣ ಹೊಡೆಯಬೇಕಿತ್ತು. ಕಾಕಾ ಪ್ಲಾಸ್ಟಿಕ್ ಬ್ಯಾರಲ್ಲಿನಲ್ಲಿ ಸುಣ್ಣ ನೀರಿಗೆ ಕಲಸಿಕೊಂಡು, ಅದಕ್ಕೆ ಮೈಲುತುತ್ತದ ನೀರು ನಿಧಾನ ಹೊಯ್ಯುತ್ತಾ ಕೋಲಿನಿಂದ ತಿರುವುತ್ತಿದ್ದ. ನೂರು ಲೀಟರ್ ನೀರಿಗೆ ಅದೊಂದು ಕಿಲೋ, ಇದೊಂದು ಕಿಲೋ. ನಾನು ಪಂಪಿಗೆ ತುಂಬಲು ಹೋದೆ.

“ಏ ತಮ್ಮಾ, ತಡಿ. ಹಂಗ ಹೊಡದ್ರ ಎಲಿ ಸುಟ್ಟು ಹೋಗ್ತಾವ” ಅಂದವನೇ ಕುಡುಗೋಲನ್ನು ಕಲ್ಲಿಗೆ ಉಜ್ಜಿ, ಹೊಳೆಯುವಂತೆ ಮಾಡಿ ದ್ರಾವಣದಲ್ಲಿ ಅದ್ದಿದ. ಸ್ವಲ್ಪ ಹೊತ್ತು ಬಿಟ್ಟು ಎತ್ತಿದ. ಅಲಗಿಗೆ ತಾಮ್ರದ ಕೊಡದ ಬಣ್ಣ ಬಂದಿತ್ತು. “ನೋಡು, ಕೆಂಪಾತು ಅಂದ್ರ ಸುಣ್ಣ ಸಾಲಂಗಿಲ್ಲ.” ಇನ್ನಷ್ಟು ಸುಣ್ಣ ಹಾಕಿ ತಿರುವಿದ. ಮತ್ತೆ ಉಜ್ಜಿ ಅದ್ದಿದ. ಈ ಸಲ ಅಲಗು ಬೆಳ್ಳಗೇ ಇತ್ತು.

ಕಬ್ಬಿಣ ತಾಮ್ರವನ್ನು ಹೊರದೂಡಿ ಅದರ ಜಾಗಕ್ಕೆ ಕೂರುವುದು. ಸ್ಥಾನಪಲ್ಲಟ ಕ್ರಿಯೆ. ಅದಕ್ಕೆ ನಾನು ಮೂರಕ್ಕೆ ಮೂರು ಮಾರ್ಕ್ಸ್ ತಗೊಂಡವನು, ಕಾಕಾ ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವನು.

ನಮ್ಮೂರಲ್ಲಿ ಯಾರನ್ನು ಕೇಳಿದರೂ ‘ಸರ್ಕಾರಿ ಶಾಲ್ಯಾಗ ರೊಕ್ಕ ಎಲ್ಲೈತ್ರಿ’ ಅಂತಾರೆ. ಈ ಮಾತು ನನಗೆ ಈಗ ತಲೆ ಕೆಡಿಸುತ್ತದೆ. ಮೈಲುತುತ್ತ ಗೊಬ್ಬರದಂಗಡಿಯಲ್ಲಿ ಸಿಗುತ್ತದೆ. ಸತು ಬೇಕಾ? ಟಾರ್ಚಿನ ಹಳೇ ಸೆಲ್ಲಿನ ಹೊರಗಿನ ಡಬ್ಬಿಯೇ ಸತು. ಸುಣ್ಣದ ಡಬ್ಬಿ ಊರ ಅರ್ಧ ಮುದುಕರ ಕಿಸೆಯಲ್ಲಿದೆ. ಚಿಟಿಕೆ ಸುಣ್ಣ ನೀರಿಗೆ ಕಲಸಿ, ತಿಳಿ ಬಸಿದುಕೊಂಡು, ಎಳನೀರಿನ ಕೊಳವೆಯಿಂದ ಉಸಿರು ಊದಿದರೆ ಹಾಲಾಗುತ್ತದೆ. ಇಂಗಾಲದ ಡೈಆಕ್ಸೈಡ್ ಪಾಠ ಅಲ್ಲಿಗೆ ಮುಗೀತು. ನಮ್ಮಲ್ಲಿ ಇಲ್ಲದ್ದು ರೊಕ್ಕ ಅಲ್ಲ, ಅಲ್ಮೇರಾದ ಬೀಗದ ಕೈ.

ಹೋದ ವಾರ ತಮ್ಮನ ಮಗನಿಗೆ ಫೋನ್ ಮಾಡಿದೆ. ಅವನು ಈಗ ಹತ್ತನೇ ಕ್ಲಾಸು. ಅವನ ಪುಸ್ತಕದ ಮೊದಲ ಪಾಠದ ಮೊದಲ ಚಟುವಟಿಕೆಯೇ ಮೆಗ್ನೀಸಿಯಂ ಪಟ್ಟಿ ಉರಿಸುವುದು. “ಸುಟ್ರೇನೋ?” ಅಂದೆ. “ಸರ್ ಮೊಬೈಲ್‌ನಾಗ ತೋರ್ಸಿದ್ರು ದೊಡಪ್ಪ” ಅಂದ. ಬೂದಿಯ ಬಣ್ಣ ಕೇಳಿದೆ. “ಬಿಳಿ. ಮೆಗ್ನೀಸಿಯಂ ಆಕ್ಸೈಡ್” ಅಂತ ಒಂದೇ ಉಸಿರಿಗೆ. ನನ್ನ ಮಾತೇ ನನಗೆ ವಾಪಸ್ ಕೇಳಿದಂತಾಯಿತು.

ಇಷ್ಟೆಲ್ಲ ಬರೆದ ಮೇಲೆ ಒಂದೆರಡು ಒಪ್ಪಿಕೊಳ್ಳಬೇಕು, ಮನಸ್ಸಿಲ್ಲದಿದ್ದರೂ. ನಮ್ಮ ಸರ್ ಎದುರು ಎಪ್ಪತ್ತು ಜನ ಕೂರುತ್ತಿದ್ದೆವು. ಗಣಿತವೂ ಅವರದೇ, ಬಿಸಿಲಲ್ಲಿ ನಿಂತು ಪಿ.ಟಿ. ಮಾಡಿಸುವುದೂ ಅವರೇ. ಒಬ್ಬ ಹುಡುಗನ ಕಣ್ಣಿಗೆ ಆಮ್ಲ ಸಿಡಿದಿದ್ದರೆ? ಇಲ್ಲಿ ಮಗಳ ಕ್ಲಾಸಿನಲ್ಲಿ ಎಲ್ಲರಿಗೂ ಕನ್ನಡಕ ಕೊಡುತ್ತಾರೆ. ನಮ್ಮಲ್ಲಿ ಬಹುಶಃ ಬೀಗವೇ ಕನ್ನಡಕ.

ಇನ್ನೊಂದು, ಮಗಳಿಗೆ ಸಮೀಕರಣ ಸರಿದೂಗಿಸಲು ಬರೋದಿಲ್ಲ. ಸೋಡಿಯಂ ವೇಲೆನ್ಸಿ ಕೇಳಿದರೆ ಗೋಡೆಯ ಚಾರ್ಟ್ ಹುಡುಕುತ್ತಾಳೆ. ನಾನು ಬೆರಳೆಣಿಸದೆ ಹೇಳಿದಾಗ ಬಾಯಿ ತೆರೆದು ನೋಡಿದಳು. ಸ್ವಲ್ಪ ಮಾನ ವಾಪಸ್ ಬಂತು.

ಪದಗಳೂ ಹಾಗೇ. ಜರ್ಮನ್ನಿನಲ್ಲಿ ಜಲಜನಕಕ್ಕೆ ವಾಸರ್‌ಷ್ಟಾಫ್, ನೀರಿನ ಪದಾರ್ಥ. ಆಮ್ಲಜನಕಕ್ಕೆ ಸೌವರ್‌ಷ್ಟಾಫ್, ಹುಳಿ ಪದಾರ್ಥ. ನಮ್ಮ ಕನ್ನಡ ಮೀಡಿಯಂ ಪದಗಳೇ ಅಲ್ವಾ! ಪಿಯುಸಿಗೆ ಬಂದು ಹೈಡ್ರೋಜನ್ ಅನ್ನೋಕೆ ನಾಚಿಕೆಪಡುತ್ತಾ ಕಲಿತೆ. ಇವರು ಯೂನಿವರ್ಸಿಟಿಯಲ್ಲೂ ವಾಸರ್‌ಷ್ಟಾಫ್ ಅಂತಲೇ ಓದುತ್ತಾರೆ. ಇದನ್ನು ಹೆಮ್ಮೆಯಿಂದ ಹೇಳಿದರೆ ಮಗಳು ಕೇಳಿದಳು, “ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಆಮ್ಲಜನಕವೇ ಇಲ್ವಲ್ಲ?” ಇಲ್ಲ. ಎಲ್ಲ ಆಮ್ಲದಲ್ಲೂ ಅದಿರುತ್ತದೆ ಅಂದುಕೊಂಡು ಫ್ರಾನ್ಸಿನ ವಿಜ್ಞಾನಿ ಲವಾಸಿಯೇ ಇಟ್ಟ ಹೆಸರು ಅದು. 1810ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ಹಂಫ್ರಿ ಡೇವಿ ಅದು ಸರಿಯಲ್ಲ ಅಂತ ತೋರಿಸಿದರೂ ಹೆಸರು ಉಳಿದುಕೊಂಡಿತು, ಎರಡೂ ಭಾಷೆಯಲ್ಲಿ.

ಭಾನುವಾರ ಕಾಕಾನ ಜೊತೆ ವಿಡಿಯೋ ಕಾಲ್. ಮಗಳು ಕುಡುಗೋಲಿನ ಕತೆ ಮತ್ತೊಮ್ಮೆ ಹೇಳಿಸಿಕೊಂಡಳು. “ಕೆಂಪಾತು ಅಂದ್ರ ಸುಣ್ಣ ಸಾಲಂಗಿಲ್ಲವಾ” ಅಂದ ಕಾಕಾ. ಅವಳು ನೋಟ್‌ಬುಕ್ ತೆಗೆದು ‘ಕೆಂಪಾಯಿತು’ ಅನ್ನುವುದನ್ನು ಮೇಲೆ ಬರೆದಳು, ‘ಸುಣ್ಣ ಸಾಲದು’ ಅನ್ನುವುದನ್ನು ಕೆಳಗೆ. ಅದನ್ನು ಕಾಕಾನಿಗೆ ತೋರಿಸಿದಳು. ಅವನಿಗೆ ಓದಲು ಬರುವ ಅಕ್ಷರ ಅದಲ್ಲ.

“ಅಲ್ಲಿ ದಾಳಿಂಬಿ ಬೆಳೀತಾರೇನವಾ?” ಅಂತ ಕೇಳಿದ.