ನೀರು ತಿಳಿಯಾಗಿದೆ ಎಂದರೆ ಸಾಲದು

ಮೂಡಿಗೆರೆ, ಕೊಪ್ಪದ ಕಡೆ ಯಾರ ಮನೆಗೆ ಹೋದರೂ ಮೊದಲು ಒಂದು ಲೋಟ ನೀರು ಕೊಟ್ಟು, ‘ನಮ್ಮ ಬಾವಿಯದು, ಕುಡಿದು ನೋಡಿ’ ಎನ್ನುತ್ತಾರೆ. ಆ ಹೆಮ್ಮೆ ನನಗೂ ಇದೆ. ಆದರೆ ಅದೇ ಹೆಮ್ಮೆಯಿಂದ ನಾವು ಬಾವಿ ನೀರನ್ನು ಒಮ್ಮೆಯೂ ಪರೀಕ್ಷೆ ಮಾಡಿಸದೆ ಕುಡಿಯುತ್ತಿದ್ದೇವೆ. ನಲ್ಲಿ ನೀರು ಕೆಟ್ಟರೆ ಪಂಚಾಯಿತಿಯನ್ನು ಕೇಳಬಹುದು. ಮನೆ ಬಾವಿಯ ನೀರಿಗೆ ಹೇಳುವವರೂ ಇಲ್ಲ, ಕೇಳುವವರೂ ಇಲ್ಲ. ಮನೆಯಲ್ಲಿ ಇಬ್ಬರು ಮೂವರಿಗೆ ಒಟ್ಟಿಗೆ ವಾಂತಿಭೇದಿಯಾದರೆ ಹಿಂದಿನ ದಿನದ ಮದುವೆ ಊಟವನ್ನು ದೂರುತ್ತೇವೆಯೇ ಹೊರತು ಬಾವಿಯ ಕಡೆ ತಿರುಗಿ ನೋಡುವುದಿಲ್ಲ.

ನಮ್ಮ ಬಾವಿಗಳು ಹಳೆಯವು, ಅವುಗಳ ಸುತ್ತಲಿನ ಊರು ಹೊಸದು. 2014ರಿಂದ ಈಚೆಗೆ ಸ್ವಚ್ಛ ಭಾರತ ಯೋಜನೆಯಲ್ಲಿ ಮನೆಮನೆಗೂ ಶೌಚಾಲಯ ಬಂತು. ಬರಲೇಬೇಕಿತ್ತು. ಆದರೆ ಗುಂಡಿ ತೋಡಿದ್ದು ಜಾಗ ಸಿಕ್ಕಲ್ಲಿ. ಗುಂಡಿಗೂ ಬಾವಿಗೂ ಕನಿಷ್ಠ 15 ಮೀಟರ್ ಅಂತರವಿರಬೇಕು, ಗುಂಡಿ ಬಾವಿಗಿಂತ ಇಳಿಜಾರಿನ ಕೆಳಗಿರಬೇಕು ಎಂಬುದು ಸಾಮಾನ್ಯ ನಿಯಮ. ಐದು ಸೆಂಟ್ಸ್ ಜಾಗದಲ್ಲಿ ಮನೆ ಕಟ್ಟಿದವರಿಗೆ ಆ ಅಂತರ ಎಲ್ಲಿಂದ ಬರಬೇಕು? ಮೇಲಿನ ಮನೆಯವರ ಗುಂಡಿ ಅವರ ಪಾಲಿಗೆ ಹಿತ್ತಲಿನಲ್ಲಿದೆ, ಕೆಳಗಿನ ಮನೆಯವರ ಪಾಲಿಗೆ ಅದು ಬಾವಿಯ ನೆತ್ತಿಯ ಮೇಲಿದೆ. ನಮ್ಮ ಜಂಬಿಟ್ಟಿಗೆ ನೆಲದ ತುಂಬ ರಂಧ್ರಗಳು, ನೀರು ಅದರಲ್ಲಿ ಸೋಸುವ ಮೊದಲೇ ಹರಿದುಹೋಗುತ್ತದೆ. ಇನ್ನು ಆಷಾಢದ ಜಡಿಮಳೆಯಲ್ಲಿ ಬಾವಿ ತುಂಬಿ ಕೈಗೆ ಎಟುಕುವಂತಾದಾಗ ಎಲ್ಲರಿಗೂ ಖುಷಿ. ಅಂತರ್ಜಲ ಅಷ್ಟು ಮೇಲೆ ಬಂದಿದೆ ಎಂದರೆ ಶೌಚದ ಗುಂಡಿಯ ತಳವೂ ಅದೇ ನೀರಿನಲ್ಲಿ ಮುಳುಗಿರಬಹುದು. ಬಾವಿ ತುಂಬಿದ ತಿಂಗಳುಗಳಲ್ಲೇ ನಾವು ಹೆಚ್ಚು ಎಚ್ಚರದಿಂದಿರಬೇಕು.

ನನ್ನ ಚಿಕ್ಕಮ್ಮನ ಬಾವಿಯ ನೀರು ತಳದ ಕಲ್ಲು ಕಾಣುವಷ್ಟು ತಿಳಿ. ಕಳೆದ ಮಳೆಗಾಲದಲ್ಲಿ ಎಚ್‌ಟುಎಸ್ ಶೀಶೆಯಲ್ಲಿ ಆ ನೀರು ತುಂಬಿ ಅಡುಗೆಮನೆಯ ಮೂಲೆಯಲ್ಲಿಟ್ಟೆವು. ಗ್ವಾಲಿಯರ್‌ನ ರಕ್ಷಣಾ ಪ್ರಯೋಗಾಲಯದ ವಿಜ್ಞಾನಿಗಳು 1982ರಲ್ಲಿ ರೂಪಿಸಿದ ಸರಳ ಪರೀಕ್ಷೆ ಅದು. ಮಲದಿಂದ ಬರುವ ಬ್ಯಾಕ್ಟೀರಿಯಾ ಇದ್ದರೆ ಒಂದೆರಡು ದಿನದೊಳಗೆ ನೀರು ಕಪ್ಪಾಗುತ್ತದೆ. ಮರುದಿನ ಶೀಶೆ ಕಪ್ಪಾಗಿತ್ತು. ‘ನಿನ್ನ ಅಜ್ಜ ಕುಡಿದು ಬೆಳೆದ ನೀರು ಕಣೋ ಇದು’ ಎಂದು ಚಿಕ್ಕಮ್ಮ ಸಿಟ್ಟು ಮಾಡಿಕೊಂಡರು. ಅಜ್ಜನ ಕಾಲದಲ್ಲಿ ಮೇಲುಗಡೆ ಬರೀ ಕಾಡಿತ್ತು ಚಿಕ್ಕಮ್ಮ, ಈಗ ಆರು ಮನೆಗಳಿವೆ ಎಂದೆ.

ಅದೇ ಮನೆಗೆ ಹಿಂದೊಮ್ಮೆ ಫಿಲ್ಟರ್ ಮಾರುವವರೊಬ್ಬರು ಬಂದು ಟಿಡಿಎಸ್ ಮೀಟರ್ ಅದ್ದಿ, ಸಂಖ್ಯೆ ಕಡಿಮೆ ಇದೆ, ನಿಮ್ಮ ನೀರು ಚಿನ್ನ ಎಂದು ಹೇಳಿ ಹೋಗಿದ್ದರಂತೆ. ಆ ಮೀಟರ್ ಅಳೆಯುವುದು ಕರಗಿದ ಲವಣಗಳನ್ನು ಮಾತ್ರ. ರೋಗಾಣುವನ್ನು ಅದು ಕಾಣುವುದಿಲ್ಲ. ಅರಸೀಕೆರೆ, ಕಡೂರಿನ ಗಡಸು ನೀರಿನ ಮನೆಗಳಲ್ಲಿ ಇನ್ನೊಂದು ಆಟ ನಡೆಯುತ್ತದೆ. ನೀರಿಗೆ ಕಬ್ಬಿಣದ ಕಡ್ಡಿಗಳನ್ನಿಟ್ಟು ವಿದ್ಯುತ್ ಹಾಯಿಸುತ್ತಾರೆ, ನೀರು ಕಂದಾಗುತ್ತದೆ, ನೋಡಿ ಎಷ್ಟು ಕೊಳೆ ಎನ್ನುತ್ತಾರೆ. ಆ ಕಂದು ಬಣ್ಣ ಕಡ್ಡಿಯಿಂದಲೇ ಬಿಟ್ಟ ಕಬ್ಬಿಣದ್ದು. ಆ ಸೀಮೆಯ ನಿಜವಾದ ಚಿಂತೆ ಫ್ಲೋರೈಡ್. ಅದು ಲೀಟರ್‌ಗೆ 1 ಮಿಲಿಗ್ರಾಂ ಮೀರಬಾರದು, ಬೇರೆ ನೀರಿಲ್ಲದಿದ್ದರೆ 1.5ರವರೆಗೆ ಎಂಬುದು ಭಾರತೀಯ ಮಾನಕ. ನಾಲಿಗೆಗೆ ಅದು ತಿಳಿಯುವುದಿಲ್ಲ, ಕೊನೆಗೆ ಮಕ್ಕಳ ಹಲ್ಲಿನ ಕಲೆಯಲ್ಲಿ ಕಾಣಿಸಿಕೊಳ್ಳುತ್ತದೆ.

ತೋಟದವರು ಇನ್ನೂ ಒಂದು ಮಾತು ಕೇಳಬೇಕು. ಕೊಟ್ಟಿಗೆ, ಗೊಬ್ಬರದ ಗುಂಡಿ, ಯೂರಿಯಾ, ಎಲ್ಲದರಿಂದಲೂ ನೈಟ್ರೇಟ್ ಇಳಿಯುತ್ತದೆ. ಅದರ ಮಿತಿ ಲೀಟರ್‌ಗೆ 45 ಮಿಲಿಗ್ರಾಂ. ಹೆಚ್ಚಾದರೆ ಹಸುಗೂಸುಗಳ ರಕ್ತ ಆಮ್ಲಜನಕ ಹೊರುವ ಶಕ್ತಿ ಕಳೆದುಕೊಂಡು ಮೈ ನೀಲಿಗಟ್ಟಬಹುದು. ಕುದಿಸಿದರೆ ರೋಗಾಣು ಸಾಯುತ್ತದೆ, ನೈಟ್ರೇಟ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದು ದಟ್ಟವಾಗುತ್ತದೆ. ಕಾಫಿ ಹಣ್ಣಿನ ಸಿಪ್ಪೆ ಸುಲಿದು ತೊಳೆದ ಪಲ್ಪಿಂಗ್ ನೀರನ್ನು ತಳ ಭದ್ರವಿಲ್ಲದ ಹೊಂಡಕ್ಕೆ ಬಿಟ್ಟರೆ ಅದು ಕೊಳೆಯುತ್ತಾ ನೆಲದೊಳಗಿನ ಆಮ್ಲಜನಕವನ್ನು ಹೀರಿ, ಮಣ್ಣಿನ ಕಬ್ಬಿಣವನ್ನು ಕರಗಿಸಿ ಕೆಳಗಿನ ಬಾವಿಗೆ ಕಳಿಸುತ್ತದೆ. ಮೈಲುತುತ್ತ, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಸಿಂಪಡಿಸಿದ ಪಂಪನ್ನು ಬಾವಿಕಟ್ಟೆಯ ಮೇಲೆ ತೊಳೆಯುವುದನ್ನಂತೂ ಇವತ್ತೇ ಬಿಡಿ.

ಬ್ಲೀಚಿಂಗ್ ಪುಡಿಯನ್ನು ಕಣ್ಣಳತೆಯಲ್ಲಿ ಎರಚುವುದೂ ತಪ್ಪು. ಸಾವಿರ ಲೀಟರ್‌ಗೆ ಎರಡೂವರೆ ಗ್ರಾಂ ಒಳ್ಳೆಯ ಪುಡಿ ಸಾಕು. ಎರಡು ಮೀಟರ್ ಅಗಲದ ಬಾವಿಯಲ್ಲಿ ನಾಲ್ಕು ಮೀಟರ್ ನೀರಿದ್ದರೆ ಅದು ಸುಮಾರು 12,500 ಲೀಟರ್, ಅಂದರೆ ಮೂವತ್ತು ಗ್ರಾಂ ಚಿಲ್ಲರೆ. ಬಕೆಟ್ಟಿನಲ್ಲಿ ಕದಡಿ, ಸುಣ್ಣ ತಳಕ್ಕೆ ಕೂತ ಮೇಲೆ ಮೇಲಿನ ತಿಳಿಯನ್ನು ಬಾವಿಗೆ ಸೇರಿಸಿ ಒಂದು ಗಂಟೆ ಕಾಯಬೇಕು. ಆದರೆ ಮೇಲಿನ ಗುಂಡಿ ಸೋರುತ್ತಲೇ ಇದ್ದರೆ ಈ ಶುದ್ಧಿ ಹೆಚ್ಚು ದಿನ ನಿಲ್ಲುವುದಿಲ್ಲ.

ಜಲ ಜೀವನ್ ಮಿಷನ್‌ನಲ್ಲಿ ಪಂಚಾಯಿತಿಗಳಿಗೆ ಪರೀಕ್ಷಾ ಕಿಟ್ ಕೊಟ್ಟು, ಊರಿನ ಹೆಣ್ಣುಮಕ್ಕಳಿಗೆ ತರಬೇತಿ ಕೊಡುವ ಏರ್ಪಾಡಿದೆ. ಅದೇ ಕಿಟ್ ಮನೆ ಬಾವಿಗಳಿಗೂ ಬರಲಿ: ಮಳೆಗಾಲದ ನಡುವೆ ಒಮ್ಮೆ, ಬೇಸಿಗೆಯಲ್ಲಿ ಒಮ್ಮೆ. ಫಲಿತಾಂಶವನ್ನು ಬರೆದು ಆಯಾ ಮನೆಯವರ ಕೈಗೆ ಕೊಡಲಿ. ಹೊಸ ಶೌಚಾಲಯಕ್ಕೆ ಹಣ ಮಂಜೂರು ಮಾಡುವ ಮೊದಲು ಕೆಳಗಿನ ಮನೆಯ ಬಾವಿ ಎಲ್ಲಿದೆ ಎಂದು ಯಾರಾದರೂ ಟೇಪು ಹಿಡಿದು ಅಳೆಯಲಿ. ಮುಂದಿನ ಗ್ರಾಮಸಭೆಯಲ್ಲಿ ಈ ಮೂರನ್ನೂ ಲಿಖಿತವಾಗಿ ಕೇಳುತ್ತೇನೆ; ನಮ್ಮ ಪಂಚಾಯಿತಿಯವರು ಯಾರಾದರೂ ಇದನ್ನು ಓದುತ್ತಿದ್ದರೆ ಜೊತೆಗೆ ಸಹಿ ಹಾಕಲು ಬನ್ನಿ.