ತಗಡಿನ ಕೆಳಗೆ ಏನಿದೆ?

ಪುಣೆ ಪಕ್ಕದ ಭೋಸರಿಯ ಫ್ಯಾಬ್ರಿಕೇಶನ್ ಶೆಡ್ಡೊಂದರ ಮುಂದೆ ಕೆಎ-28 ನಂಬರಿನ, ಅಂದರೆ ನಮ್ಮ ವಿಜಯಪುರದ ಪಿಕಪ್ ನಿಂತಿತ್ತು. ಸರಕು ಬಿಗಿದು ಕಟ್ಟಲು ಲೋಡ್ ಬಾಡಿಯ ತಳಕ್ಕೆ ಕೂರಿಸಿದ್ದ ಕೊಂಡಿ ತಗಡಿನ ಸಮೇತ ಕಿತ್ತು ಬಂದಿತ್ತು. ವೆಲ್ಡರ್ ಬಗ್ಗಿ ಕೆಳಗೆ ನೋಡಿದ, ಎದ್ದು ಕೈ ಒರೆಸಿಕೊಂಡ. ಅಂದಿದ್ದು ಎರಡೇ ಶಬ್ದ: 'ಗಾವಠಿ ಕಾಮ್.' ಹಳ್ಳಿಗಾಡಿನ ಒರಟು ಕೆಲಸ ಅಂತ. ಮಾತು ಸುಳ್ಳಾಗಿದ್ದರೆ ಇಷ್ಟು ಚುಚ್ಚುತ್ತಿರಲಿಲ್ಲ.

ನಮ್ಮ ಕಡೆ ಕೊಂಡಿ ಹಾಕಿಸುವಾಗ ಕೊಂಡಿಯನ್ನಷ್ಟೇ ನೋಡುತ್ತಾರೆ. 'ಹನ್ನೆರಡು ಎಂಎಂ ಕಂಬಿ ಐತ್ರಿ, ಆನಿ ಕಟ್ರಿ ಬೇಕಾದ್ರ!' ಆನೆ ಕಟ್ಟಬಹುದು, ಆದರೆ ಕಟ್ಟಿದ್ದು ಯಾವುದಕ್ಕೆ? 8.8 ಎಂಬ ಗಟ್ಟಿ ದರ್ಜೆಯ ಎಂ10 (10 ಎಂಎಂ ದಪ್ಪದ) ಬೋಲ್ಟು ಎರಡು ಟನ್ ಎಳೆತಕ್ಕೂ ಜಗ್ಗುವುದಿಲ್ಲ. ಅದರ ಕೆಳಗೆ ರೂಪಾಯಿ ಅಗಲದ ವಾಶರ್ ಒಂದೇ ಇದ್ದರೆ, ತೆಳು ತಗಡು ರೊಟ್ಟಿ ಹರಿದಂತೆ ಹರಿದು ಬೋಲ್ಟು ಮೇಲೆ ಬರುತ್ತದೆ. ಕಂಬಿಯೂ ಮನೆ ಕಟ್ಟಿಸಿ ಉಳಿದ ಟಿಎಂಟಿ. ಅದರ ಏಣುಗಳು ಸರಕು ಕಟ್ಟುವ ಬೆಲ್ಟನ್ನು ಗರಗಸದ ಹಾಗೆ ತೇಯುತ್ತವೆ, ಇಕ್ಕಟ್ಟಾಗಿ ಬಗ್ಗಿಸಿದರೆ ಮಡಿಕೆಯಲ್ಲಿ ಬಿರುಕು ಬಿಡುತ್ತದೆ.

ಇಲ್ಲಿನ ಒಳ್ಳೆಯ ಕೆಲಸಗಾರ ಮೊದಲು ಗಾಡಿಯ ಕೆಳಗೆ ತೂರುತ್ತಾನೆ. ಡೀಸೆಲ್ ಟ್ಯಾಂಕ್, ಬ್ರೇಕ್ ಪೈಪು, ವೈರಿಂಗ್ ಎಲ್ಲಿದೆ ನೋಡಿಕೊಂಡು ಚಾಕ್‌ಪೀಸಿನಿಂದ ಗುರುತು ಹಾಕುತ್ತಾನೆ. ನಾಲ್ಕು ಮೂಲೆಗೆ ನಾಲ್ಕು, ನಡುವೆ ಎರಡು, ಆದಷ್ಟೂ ಅಡ್ಡ ಚೌಕಟ್ಟಿನ ಪಕ್ಕದಲ್ಲೇ. ಕೊಂಡಿ ತಯಾರಾಗುವುದು ಟೇಬಲ್ ಮೇಲೆ, ಗಾಡಿಯ ಮೇಲಲ್ಲ. 10 ಎಂಎಂ ನುಣುಪು ಎಂಎಸ್ (ಮೆದು ಉಕ್ಕಿನ) ಸರಳನ್ನು ಒಳಗೆ 40 ಎಂಎಂ ಜಾಗ ಬಿಟ್ಟು 'ಯು' ಆಕಾರಕ್ಕೆ ಬಗ್ಗಿಸಿ, 50 ಎಂಎಂ ಅಗಲ, 6 ಎಂಎಂ ದಪ್ಪದ ಪಟ್ಟಿಯಲ್ಲಿ ತೂತು ಕೊರೆದು ಕಾಲುಗಳನ್ನು ತೂರಿಸಿ ಎರಡೂ ಬದಿ ವೆಲ್ಡ್ ಮಾಡುತ್ತಾನೆ. ಮೇಲೆ ಮಾತ್ರ ಅಂಟಿಸಿದರೆ ಓರೆ ಎಳೆತಕ್ಕೆ ಬೆಸುಗೆಯೇ ಮೊದಲು ಬಿಡುತ್ತದೆ. ಪಟ್ಟಿ ಸಮನಾಗಿ ಕೂರಲು ಕೆಳಗಿನ ಬೆಸುಗೆಯನ್ನು ಗ್ರೈಂಡ್ ಮಾಡುವುದನ್ನು ಮರೆಯುವಂತಿಲ್ಲ.

ಆಮೇಲೆ ತಗಡಿಗೆ 4 ಎಂಎಂ ತೂತು, ಅದನ್ನೇ 11ಕ್ಕೆ ಹಿಗ್ಗಿಸಿ, ಅಂಚಿನ ಮುಳ್ಳು ಅರದಿಂದ ತೆಗೆದು, ಬೆತ್ತಲಾದ ಲೋಹಕ್ಕೆ ರೆಡ್ ಆಕ್ಸೈಡ್. ತಗಡಿನ ಕೆಳಗೆ 5 ಎಂಎಂ ದಪ್ಪದ ಪ್ಲೇಟು, ಅಂಗೈ ಅಗಲದ್ದು, ಮೂಲೆಗಳು ದುಂಡಗೆ. ಚೂಪು ಮೂಲೆ ತಗಡನ್ನೇ ಕೊಯ್ಯುತ್ತದೆ. ಎರಡು ಎಂ10 ಬೋಲ್ಟು, ಅದುರಿದರೂ ಸಡಿಲಾಗದ ನೈಲಾಕ್ ನಟ್ಟು, ನೀರು ಇಳಿಯದಂತೆ ತೂತಿನ ಸುತ್ತ ಪಿಯು ಸೀಲೆಂಟ್, 45 ನ್ಯೂಟನ್ ಮೀಟರ್ ಬಿಗಿ. ತಳ ಅಲೆಅಲೆಯಾಗಿದ್ದರೆ ಬೋಲ್ಟು ಬರಬೇಕಾದ್ದು ತಗ್ಗಿನಲ್ಲಿ. ಉಬ್ಬಿನ ಮೇಲೆ ಬಿಗಿದರೆ ಅದು ಚಪ್ಪಟೆಯಾಗಿ ನಟ್ಟು ಸಡಿಲಾಗುತ್ತದೆ. ಹೊಸದಾಗಿ ಹಾಕಿದ್ದನ್ನು ನೂರು ಕಿಲೋಮೀಟರ್ ಓಡಿದ ಮೇಲೆ ಇನ್ನೊಮ್ಮೆ ಬಿಗಿಯಲೇಬೇಕು, ಸೀಲೆಂಟೂ ಬಣ್ಣವೂ ಕುಳಿತುಕೊಳ್ಳುವುದರಿಂದ.

ಇದರಲ್ಲಿ ಯಾವುದು ನಮ್ಮವರಿಗೆ ಬಾರದ ವಿದ್ಯೆ? ಆಯುಧ ಪೂಜೆಗೆ ಗಾಡಿಗೆ ಬಾಳೆಕಂಬ ಕಟ್ಟುವಾಗ ಅಲುಗದಂತೆ ಎಷ್ಟು ಜತನ! ಅದರಲ್ಲಿ ಕಾಲು ಭಾಗ ತಗಡಿನ ಅಡಿಗೆ ಹೋದರೆ ಸಾಕಿತ್ತು. ಕೇಳಿದರೆ 'ಏನಾಗಂಗಿಲ್ಲ ಬಿಡ್ರಿ' ಅಂತಾರೆ. ಪುಣೆ-ಸಾತಾರಾ ದಾರಿಯ ಖಂಬಾಟಕಿ ಘಾಟಿನ ಇಳಿಜಾರಿನಲ್ಲಿ ಜೋರಾಗಿ ಬ್ರೇಕ್ ಒತ್ತಿದಾಗ 600 ಕಿಲೋ ಸರಕು ಸುಮಾರು 480 ಕಿಲೋ ಬಲದಿಂದ ಮುಂದಕ್ಕೆ ನುಗ್ಗಬಹುದು ಎಂದು ಹಿಡಿದೇ ಕಟ್ಟಬೇಕು. ಬೆಲ್ಟಿನ ಕೋನದ್ದೂ ಹಾಗೆಯೇ. ಸರಕಿನ ಮೇಲೆ ಹಾಯಿಸಿದ ಬೆಲ್ಟು ತಳದಿಂದ 30 ಡಿಗ್ರಿಯಷ್ಟೇ ಏರಿದ್ದರೆ, ನೆಟ್ಟಗೆ ಇಳಿದ ಬೆಲ್ಟಿನ ಅರ್ಧದಷ್ಟೇ ಒತ್ತುತ್ತದೆ. ಅದಕ್ಕೇ ಕೊಂಡಿ ಸರಕಿನ ಮಗ್ಗುಲಲ್ಲೇ ಇರಬೇಕು.

ಪುಣೆಯವರೇನು ದೇವರಲ್ಲ. ಸೀಲೆಂಟ್ ಹಚ್ಚಲು ಸೋಮಾರಿತನ, 'ಜಾಊ ದ್ಯಾ', ಹೋಗಲಿ ಬಿಡಿ, ಅಂದುಬಿಡುತ್ತಾರೆ. ಒಂದೆರಡು ಮಳೆಗಾಲದಲ್ಲಿ ಬೋಲ್ಟಿನ ಸುತ್ತ ತಗಡು ಕಂದು ಪುಡಿಯಾಗುತ್ತದೆ. ಹಲ್ಲಿನ ಹಿಡಿಕೆ ಆಡಿಸಿ ಬಿಗಿಯುವ ರಾಚೆಟ್ ಬೆಲ್ಟು ಕೈಗೆ ಬಂದ ಮೇಲೆ ಗಂಟು ಹಾಕುವುದನ್ನೂ ಮರೆತಿದ್ದಾರೆ. ಯಂತ್ರಕ್ಕೆ, ಬೈಕಿಗೆ ಬೆಲ್ಟು ಸರಿ. ಚೀಲದ ಲೋಡಿಗೆ ಅದು ಚೀಲವನ್ನು ಕಚ್ಚುತ್ತದೆ, ಚೀಲ ಕುಸಿದಂತೆ ತಾನು ಸಡಿಲಾಗುತ್ತದೆ.

ಒಪ್ಪಲು ಸ್ವಲ್ಪ ಕಷ್ಟವೇ, ಆದರೆ ಪುಣೆಯ ಗುಲ್ಟೇಕಡಿ ಮಾರ್ಕೆಟ್ ಯಾರ್ಡಿಗೆ ನಸುಕಿನಲ್ಲಿ ಬರುವ ವಿಜಯಪುರದ ಈರುಳ್ಳಿ ಗಾಡಿಗಳಲ್ಲಿ ತಳದ ಕೊಂಡಿಯೇ ಇರುವುದಿಲ್ಲ. ತಾಡಪಾಲು, ಡಾಲಾದ (ಲೋಡ್ ಬಾಡಿಯ ಪಕ್ಕದ ಹಲಗೆಯ) ಹೊರಗಿನ ಕೊಕ್ಕೆ, ಒಂದು ಹಗ್ಗ. ಹಗ್ಗದ ನಡುವೆ ಕುಣಿಕೆ ಮಾಡಿ, ತುದಿಯನ್ನು ಕೊಕ್ಕೆಗೆ ಸುತ್ತಿ ಮತ್ತೆ ಕುಣಿಕೆಯೊಳಗಿಂದ ಎಳೆದರೆ ರಾಟೆಯ ಹಾಗೆ ಬಿಗಿಯಾಗುತ್ತದೆ. ದಾರಿಯಲ್ಲಿ ಚೀಲ ಕುಸಿದರೆ ಚಹಾಕ್ಕೆ ನಿಂತಾಗ ಇನ್ನೊಂದು ಜಗ್ಗು. ಇಲ್ಲಿಗೆ ಬಂದ ಮೇಲೆ ಡ್ರೈವರ್ ತುದಿ ಹಿಡಿದು ಒಮ್ಮೆ ಎಳೆಯುತ್ತಾನೆ, ಇಡೀ ಗಂಟು ಬಿಚ್ಚಿಕೊಳ್ಳುತ್ತದೆ. ಪಕ್ಕದ ಗಾಡಿಯಲ್ಲಿ ರಾಚೆಟ್ಟಿನ ಹಲ್ಲಿಗೆ ಮಣ್ಣು ಸಿಕ್ಕು, ಹುಡುಗನೊಬ್ಬ ಪಾನಾದಿಂದ ಬಡಿಯುತ್ತಿರುತ್ತಾನೆ.