ಕಟಾಫ್ ಅಲ್ಲ ಭಾವ, ಆವರೇಜು

2024ರ ಬೇಸಿಗೆ. ಅಮೆರಿಕದಲ್ಲಿ ಡೆಂಟಲ್ ಓದಲು ಬರೆಯುವ ಡ್ಯಾಟ್ ಪರೀಕ್ಷೆಯಲ್ಲಿ ಮಗಳ ಅಂಕ ಬಂದ ದಿನ ಇಲ್ಲಿಂದ ಊರಿಗೆ ಫೋನ್ ಮಾಡಿದ್ದೆ.

"ಎಷ್ಟು ಬಂತಪ್ಪಾ?" ಅಂದರು ಭಾವ.

"ಇಪ್ಪತ್ತು."

"ಎಷ್ಟಕ್ಕೆ?"

"ಮೂವತ್ತಕ್ಕೆ."

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, "ಹೋಗ್ಲಿ ಬಿಡು, ಇನ್ನೊಂದ್ಸಲ ಬರೀಬಹುದಲ್ವಾ?" ಅಂದರು. ಸಾಂತ್ವನದ ದನಿ. ಪಕ್ಕದಲ್ಲೇ ಕೂತಿದ್ದ ಮಗಳು ಬಾಯಿ ಮುಚ್ಚಿಕೊಂಡು ನಕ್ಕಳು.

ಭಾವ ನಿವೃತ್ತ ಗಣಿತ ಮೇಷ್ಟ್ರು. 30ಕ್ಕೆ 20 ಅಂದರೆ ಅವರಿಗೆ ಶೇಕಡಾ 66, ಮುಗಿಯಿತು. ಆದರೆ ಈ ಪರೀಕ್ಷೆಯ ಅಂಕ ಹಾಗೆ ಹುಟ್ಟುವುದಿಲ್ಲ. ಸರಿ ಉತ್ತರಗಳನ್ನು ಎಣಿಸಿ, ಆ ಎಣಿಕೆಯನ್ನು ಒಂದು ಅಳತೆಪಟ್ಟಿಗೆ ಹೊಂದಿಸಿ ಕೊಡುತ್ತಾರೆ. ಮಗಳು ಬರೆದಾಗ ಆ ಪಟ್ಟಿ 1ರಿಂದ 30. ಅದರಲ್ಲಿ 17 ಅಂದರೆ ನಡುಮಟ್ಟ ಅಂತ ಬಹಳ ವರ್ಷ ಹೇಳಿಕೊಂಡು ಬಂದಿದ್ದರು, ಈಚೆಗೆ ಅದು ಮೇಲಕ್ಕೆ ಸರಿದಿತ್ತು. ಸೀಟು ಸಿಕ್ಕವರ ಸರಾಸರಿ 20ರ ಆಸುಪಾಸು, ಇಲ್ಲ ಸ್ವಲ್ಪ ಜಾಸ್ತಿ. 2025ರ ಮಾರ್ಚಿನಿಂದ ಆ ಪಟ್ಟಿಯೂ ಹೋಯಿತು. ಈಗ 200ರಿಂದ 600, ಹತ್ತತ್ತರ ಮೆಟ್ಟಿಲು. ಕನಿಷ್ಠವೇ 200 ಆಗಿರುವ ಅಳತೆಯಲ್ಲಿ ಶೇಕಡಾ ಲೆಕ್ಕ ಹಾಕುವುದಕ್ಕೆ ಅರ್ಥವೇ ಇಲ್ಲ. ಆದರೂ ಇಲ್ಲಿನ ಕನ್ನಡ ಕೂಟದಲ್ಲಿ ಅದೇ ಪ್ರಶ್ನೆ ಮುಂದುವರಿದಿದೆ: "ಆರುನೂರಕ್ಕೆ ನಾನೂರು, ಸಾಕಾಗತ್ತಾ?"

ಭಾವನನ್ನು ಆಡಿಕೊಳ್ಳುವ ಹಕ್ಕು ನನಗಿಲ್ಲ. ನಾನು ಮಾಡಿದ ತಪ್ಪು ಅದಕ್ಕಿಂತ ದೊಡ್ಡದು.

ನಾನು ಸಿಇಟಿ ಕಾಲದವನು. ಆಗ ಮನೆಯಲ್ಲಿ ಕೇಳುತ್ತಿದ್ದದ್ದು ಒಂದೇ ಮಾತು: "ಹೋದ ವರ್ಷ ಆ ಕಾಲೇಜಲ್ಲಿ ಸೀಟು ಎಷ್ಟನೇ ರ್‍ಯಾಂಕಿಗೆ ಮುಗೀತು?" ಈಗ ನೀಟ್ ಬಂದಿದೆ, ಕೆಇಎ ಕೌನ್ಸೆಲಿಂಗ್ ಮಾಡುತ್ತದೆ, ಆದರೂ ಅಕ್ಕನ ಮಗಳು ಬಿಡಿಎಸ್‌ಗೆ ಆಯ್ಕೆ ಪಟ್ಟಿ ತುಂಬುವಾಗ ಹುಡುಕಿದ್ದು ಅದನ್ನೇ. ಅಂದರೆ ನಮ್ಮ ಕಣ್ಣು ಯಾವಾಗಲೂ ಕೊನೆಯ ಸೀಟು ಹಿಡಿದವನ ಮೇಲೆ. ಅವನಿಗಿಂತ ಮುಂದಿದ್ದೀಯಾ, ಒಳಗೆ. ಹಿಂದಿದ್ದೀಯಾ, ಹೊರಗೆ.

ಇಲ್ಲಿ ಕಾಲೇಜುಗಳು ತೋರಿಸುವುದು ಸಾಮಾನ್ಯವಾಗಿ ಸರಾಸರಿ. ಅದು ಒಳಗೆ ಹೋದವರ ನಡುಮಧ್ಯದ ಲೆಕ್ಕ, ಬಾಗಿಲಿನ ಎತ್ತರವಲ್ಲ. ಹೆಚ್ಚುಕಡಿಮೆ ಅರ್ಧ ಜನ ಅದಕ್ಕಿಂತ ಕಮ್ಮಿ ಅಂಕದಲ್ಲೇ ಸೇರಿರುತ್ತಾರೆ. ಕಟಾಫ್ ನೋಡಿ ಬೆಳೆದ ನನ್ನಂಥವನು ಆ ಸಂಖ್ಯೆಯನ್ನೇ ಹೊಸ್ತಿಲು ಅಂದುಕೊಂಡುಬಿಡುತ್ತಾನೆ.

ಸರಾಸರಿ ಅಂದಾಗ ಯಾರ ಸರಾಸರಿ ಅಂತಲೂ ಕೇಳಬೇಕು. ಪರೀಕ್ಷೆ ಬರೆದವರೆಲ್ಲರದ್ದೋ, ಸೀಟು ಸಿಕ್ಕವರದ್ದೋ, ಆ ಒಂದು ಕಾಲೇಜಿನದ್ದೋ? ಮೂರೂ ಬೇರೆ ಬೇರೆ. ಕೋಚಿಂಗ್ ನಡೆಸುವವರು ಇದರಲ್ಲಿ ಹೆದರಿಸುವಂಥದ್ದನ್ನೇ ಎತ್ತಿ ತೋರಿಸುತ್ತಾರೆ ಅನ್ನುವುದು ನನ್ನ ಅನುಮಾನ.

ಇದರೊಳಗೆ ಇನ್ನೊಂದು ಸರಾಸರಿ ಇದೆ. ಬಯಾಲಜಿ, ಜನರಲ್ ಕೆಮಿಸ್ಟ್ರಿ, ಆರ್ಗ್ಯಾನಿಕ್ ಕೆಮಿಸ್ಟ್ರಿ, ಓದಿ ಉತ್ತರಿಸುವ ಭಾಗ, ಲೆಕ್ಕ, ಈ ಐದರ ಅಂಕ ಕೂಡಿಸಿ ಭಾಗಿಸಿದರೆ ಬರುವುದು ಅಕಾಡೆಮಿಕ್ ಆವರೇಜ್. ಮಗಳಿಗೆ 22, 21, 20, 20, ಲೆಕ್ಕದಲ್ಲಿ 17. ಕೂಡಿಸಿದರೆ ನೂರು, ಐದರಿಂದ ಭಾಗಿಸಿದರೆ 20. ಐದರಲ್ಲೂ ಇಪ್ಪತ್ತಿಪ್ಪತ್ತು ತೆಗೆದವನಿಗೂ ಇಪ್ಪತ್ತೇ. ಆ 17 ಸುಮ್ನೆ ಒಳಗೆ ಅಡಗಿ ಕೂರುತ್ತದೆ. ಗಣಿತ ಮೇಷ್ಟ್ರ ಸೊಸೆಗೆ ಗಣಿತದಲ್ಲೇ ಕಮ್ಮಿ ಅನ್ನುವುದನ್ನು ಭಾವನಿಗೆ ಇವತ್ತಿಗೂ ಹೇಳಿಲ್ಲ.

ಆರನೆಯದು ಪ್ಯಾಟ್, ಅಂದರೆ ಆಕಾರಗಳನ್ನು ಕಣ್ಣಲ್ಲೇ ಅಳೆದು ಗ್ರಹಿಸುವ ಭಾಗ. ಅದರ ಅಂಕ ಪ್ರತ್ಯೇಕ. ಮಡಚಿದ ಕಾಗದಕ್ಕೆ ತೂತು ಹೊಡೆದು ಬಿಚ್ಚಿದರೆ ಎಲ್ಲೆಲ್ಲಿ ತೂತು, ನಾಲ್ಕು ಕೋನಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿದರೆ ಯಾವ ಕ್ರಮ, ಜೋಡಿಸಿಟ್ಟ ಘನಗಳಲ್ಲಿ ಎಷ್ಟಕ್ಕೆ ಎಷ್ಟು ಬದಿ ಬಣ್ಣ. 90 ಪ್ರಶ್ನೆ, 60 ನಿಮಿಷ. ಹಿಂದೆ ಇದರ ಬದಲು ಚಾಕ್ ಕೆತ್ತಿಸುತ್ತಿದ್ದರಂತೆ. ಬಾಯಿಯೊಳಗೆ ಸಣ್ಣ ಕನ್ನಡಿ ಹಿಡಿದು ಕೆಲಸ ಮಾಡುವವರಿಗೆ ಇಂಥ ಪರೀಕ್ಷೆ ಬೇಕೇ ಬೇಕು ಅನ್ನಿಸುತ್ತದೆ. ನೀಟ್‌ನಲ್ಲಿ ಇದಕ್ಕೆ ಜಾಗವೇ ಇಲ್ಲ. ಹೃದಯದ ಡಾಕ್ಟರಾಗುವವನಿಗೂ ಹಲ್ಲಿನ ಡಾಕ್ಟರಾಗುವವನಿಗೂ ಒಂದೇ ಪ್ರಶ್ನೆಪತ್ರಿಕೆ.

ನೀಟ್ ಅಂಕ ಇಟ್ಟುಕೊಂಡು ಒಂದು ವರ್ಷವನ್ನು ಇನ್ನೊಂದಕ್ಕೆ ಹೋಲಿಸುವುದೂ ಕಷ್ಟ. 2024ರಲ್ಲಿ ಮೊದಲ ಫಲಿತಾಂಶ ಬಂದಾಗ 67 ಮಂದಿಗೆ 720ಕ್ಕೆ 720. ಮರುವರ್ಷ ಪತ್ರಿಕೆ ಕಬ್ಬಿಣದ ಕಡಲೆಯಾಯಿತು, ಮೊದಲ ರ್‍ಯಾಂಕಿಗೇ 686. ಸಾಮಾನ್ಯ ವರ್ಗದವರು ಅರ್ಹತೆ ಪಡೆಯಬೇಕಾದ ಅಂಕ 162ರಿಂದ 144ಕ್ಕೆ ಇಳಿಯಿತು. ಆ ವರ್ಗಕ್ಕೆ 50ನೇ ಪರ್ಸೆಂಟೈಲ್, ಅಂದರೆ ಬರೆದವರಲ್ಲಿ ಅರ್ಧ ಜನರಿಗಿಂತ ಮುಂದಿರಬೇಕು ಅಂತ ನಿಯಮ ಇರುವುದರಿಂದ ಪತ್ರಿಕೆ ಹೇಗಿತ್ತೋ ಅಂಕವೂ ಹಾಗೆ. ಡ್ಯಾಟ್ ವರ್ಷವಿಡೀ ನಡೆಯುತ್ತದೆ, ಇವತ್ತು ಬರೆದವರ ಪ್ರಶ್ನೆ ಬೇರೆ, ನಾಳೆಯವರದ್ದು ಬೇರೆ. ಕಷ್ಟ ಸುಲಭ ತೂಗಿಯೇ ಅಳತೆಪಟ್ಟಿಗೆ ಹೊಂದಿಸುತ್ತಾರೆ. ಈ ವಿಷಯದಲ್ಲಿ ನನ್ನ ಮತ ಇಲ್ಲಿನವರಿಗೆ.

ಆದರೆ ಕೊನೆಯ ಸೀಟಿನ ಲೆಕ್ಕವನ್ನು ಮುಚ್ಚುಮರೆ ಇಲ್ಲದೆ ಹೇಳುವುದರಲ್ಲಿ ಊರಿನ ಪದ್ಧತಿಯೇ ವಾಸಿ. ಅದು ಕಠೋರ, ನಿಜ. ಒಂದು ದಿನದ ಜ್ವರಕ್ಕೆ ಒಂದು ವರ್ಷ ಹೋಗುತ್ತದೆ. ಆದರೂ ಎಲ್ಲಿ ನಿಂತಿದ್ದೀನಿ ಅಂತ ಹುಡುಗನಿಗೆ ಗೊತ್ತಾಗುತ್ತದೆ. ಇಲ್ಲಿ ಕಾಲೇಜಿನ ಜಿಪಿಎ, ಡೆಂಟಿಸ್ಟ್ ಜೊತೆ ನಿಂತು ಕೆಲಸ ನೋಡಿದ ಗಂಟೆಗಳು, ಶಿಫಾರಸು ಪತ್ರ, ಸಂದರ್ಶನ ಎಲ್ಲವನ್ನೂ ಒಟ್ಟಿಗೆ ನೋಡುತ್ತಾರೆ. ಒಳ್ಳೆಯದೇ. ಆದರೆ ಸೀಟು ಯಾಕೆ ಸಿಗಲಿಲ್ಲ ಅಂತ ಬೊಟ್ಟು ಮಾಡಿ ತೋರಿಸುವ ಹಾಗಿಲ್ಲ. ಸರಾಸರಿ ಒಂದನ್ನೇ ಹಾಕುವ ಬದಲು, ಸೇರಿದವರಲ್ಲಿ ಅತಿ ಕಮ್ಮಿ ಎಷ್ಟು, ಅತಿ ಜಾಸ್ತಿ ಎಷ್ಟು ಅಂತ ಪ್ರತಿ ಕಾಲೇಜೂ ದಪ್ಪಕ್ಷರದಲ್ಲಿ ಹಾಕಿದರೆ ನನ್ನಂಥ ಅಪ್ಪಂದಿರು ಸ್ವಲ್ಪ ಕಮ್ಮಿ ಮೂರ್ಖರಾಗುತ್ತಿದ್ದೆವು.

ಯಾಕೆ ಅಂದರೆ, ಅರ್ಜಿ ಹಾಕುವ ಕಾಲೇಜುಗಳ ಪಟ್ಟಿಯನ್ನು ಒಂದು ಭಾನುವಾರ ಮಗಳ ಜೊತೆ ಕೂತು ಮಾಡಿದವನು ನಾನೇ. ಎರಡು ಕಾಲೇಜಿನ ಸರಾಸರಿ 22 ಅಂತ ಇತ್ತು. "ಇವು ನಮಗಲ್ಲ ಪುಟ್ಟಾ" ಅಂತ ಗೀಟು ಎಳೆದೆ. ಗೀಟು ಎಳೀಬೇಡ ಅಂತ ಅವಳು ಒಮ್ಮೆ ಅಂದಳು, ನಾನು ಕೇಳಲಿಲ್ಲ. ಅವಳಿಗಿಂತ ಒಂದಂಕ ಕಮ್ಮಿ ತೆಗೆದಿದ್ದ ಗೆಳತಿ ಈಗ ಅದರಲ್ಲಿ ಒಂದು ಕಾಲೇಜಿನಲ್ಲೇ ಓದುತ್ತಿದ್ದಾಳೆ.